ಎರಡನೆಯ ಬೊಟ್ಟು

ಇದನ್ನು ಬರೆಯುವ ಮೊದಲು ಹೆಂಡತಿಯನ್ನು ಕೇಳಿದೆ. ಬರೆದುಕೊಳ್ಳಿ, ಆದರೆ ನಿಮ್ಮ ಕಡೆಗೆ ವಾಲಿಸಿಕೊಂಡು ಬರೆಯಬೇಡಿ ಎಂದಳು. ಆದ್ದರಿಂದ ನೇರವಾಗಿಯೇ ಹೇಳಿಬಿಡುತ್ತೇನೆ. ಎಪ್ಪತ್ತರ ಹತ್ತಿರಕ್ಕೆ ಬಂದಿರುವ ನಾನು ಒಂದು ವಿಡಿಯೋ ಗೇಮಿನ ಸಲುವಾಗಿ ಕಟ್ಟಿಕೊಂಡ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಆ ಕಿಚ್ಚಿನಲ್ಲಿ ಒಂದು ಕೆಟ್ಟ ಕೆಲಸ ಮಾಡಿದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸರ್ಕಾರಿ ಬಸ್ಸಿನ ಡ್ರೈವರಾದವನು. ಚಾಮರಾಜನಗರದಿಂದ ಗುಂಡ್ಲುಪೇಟೆ, ಅಲ್ಲಿಂದ ಬಂಡೀಪುರದ ಕಾಡು ದಾಟಿ ಕೇರಳದ ಕಡೆಗೆ, ನನ್ನ ನೌಕರಿಯ ಬಹುಪಾಲು ಅದೇ ದಾರಿಯಲ್ಲಿ ಕಳೆಯಿತು. ಒಂದು ನಾಯಿಯ ಮೇಲೂ ಬಸ್ಸು ಹಾಯಿಸಿದವನಲ್ಲ. ಅಪಘಾತ ಮಾಡದ ಚಾಲಕ ಎಂದು ಬೆಳ್ಳಿ ಪದಕ ಕೊಟ್ಟಿದ್ದಾರೆ. ಅದು ಇವತ್ತಿಗೂ ನಡುಮನೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ನೇತಾಡುತ್ತಿದೆ. ಮನೆಗೆ ಯಾರೇ ಬಂದರೂ ಕಾಫಿ ಬರುವುದರೊಳಗೆ ಅವರ ಕಣ್ಣು ಆ ಗೋಡೆಗೆ ಹೋಗುವಂತೆ ನಾನು ಮಾತು ತಿರುಗಿಸುತ್ತೇನೆ. ನಮ್ಮ ಮನೆಯಲ್ಲಿ ಕೈಚಳಕ ಅಂದರೆ ನನ್ನದು, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ನನಗಂತೂ ಇರಲಿಲ್ಲ.

ಹೆಂಡತಿ ಕುದೇರಿನವಳು, ಹೂ ಬೆಳೆಯುವ ಮನೆಯಿಂದ ಬಂದವಳು. ಮದುವೆಯಾಗಿ ಚಾಮರಾಜನಗರಕ್ಕೆ ಬಂದಾಗಿನಿಂದಲೂ ಬೆಳಿಗ್ಗೆ ಹೊತ್ತು ಹೂ ಕಟ್ಟುತ್ತಾಳೆ. ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ತಂದು ಜಗಲಿಯ ಮೇಲೆ ಇಟ್ಟು ಹೋಗುತ್ತಾಳೆ, ಬಿಸಿಲು ಏರುವುದರೊಳಗೆ ಬಂದು ಮಾಲೆ ಒಯ್ಯುತ್ತಾಳೆ. ಆ ಕೆಲಸವನ್ನು ನಾನು ಕೈಚಳಕ ಎಂದು ಎಂದೂ ಎಣಿಸಿರಲಿಲ್ಲ. ಹೆಂಗಸರು ಹರಟೆ ಹೊಡೆಯುತ್ತಾ ಮಾಡುವ ಕೆಲಸ ಅಂದುಕೊಂಡಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ತುಂಬಿದ ಬಿಂದಿಗೆ ಎತ್ತಿಕೊಂಡು ಬರುವಾಗ ಅವಳ ಕಾಲು ಜಾರಿತು. ಬಿಂದಿಗೆ ಬಿಡಲಿಲ್ಲ, ಬಲಗೈ ಊರಿದಳು, ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದ ಮೇಲೆ ಬೆರಳುಗಳು ಮರದ ಕಡ್ಡಿಗಳಂತೆ ನಿಂತಿದ್ದವು. ಡಾಕ್ಟರು ರಬ್ಬರ್ ಚೆಂಡು ಹಿಸುಕಲು ಹೇಳಿದರು. ನಾಲ್ಕು ಸಲ ಹಿಸುಕಿ ಮೂಲೆಗೆ ಎಸೆದಳು. ಹೂವಿನ ಬುಟ್ಟಿ ಪಕ್ಕದ ಬೀದಿಯವರ ಮನೆಗೆ ಹೋಗತೊಡಗಿತು. ಅದು ನಮ್ಮ ಬಾಗಿಲ ಮುಂದೆಯೇ ಹಾದುಹೋಗುವಾಗ ಅವಳು ಒಳಕ್ಕೆ ಎದ್ದು ಹೋಗುತ್ತಿದ್ದಳು.

ಗುಂಡ್ಲುಪೇಟೆಯಲ್ಲಿ ಮಗಳು, ಅಳಿಯ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಒಂದು ಭಾನುವಾರ ಮಗಳು ಹಳೆಯ ಲ್ಯಾಪ್‌ಟಾಪ್ ಒಂದನ್ನೂ ಎರಡು ಕೈಯಲ್ಲಿ ಹಿಡಿದು ಒತ್ತುವ ಒಂದು ಸಾಮಾನನ್ನೂ ತಂದಳು. ಅದಕ್ಕೆ ಅವಳು ಕಂಟ್ರೋಲರ್ ಎನ್ನುತ್ತಾಳೆ, ನಾವು ರಿಮೋಟು ಎಂದೆವು. ಚೆಂಡು ಬೇಡವಾದರೆ ಇದನ್ನು ಒತ್ತು ಎಂದು ಅಮ್ಮನ ಕೈಗೆ ಕೊಟ್ಟಳು.

ಪರದೆಯ ಮೇಲೆ ದಪ್ಪ ಚೌಕಗಳನ್ನು ಜೋಡಿಸಿ ಮಾಡಿದಂಥ ಒಂದು ಹಸಿರು ಪ್ರಾಣಿ. ಅದಕ್ಕೆ ಬರುವುದು ಎರಡೇ ಕೆಲಸ, ಓಡುವುದು ಮತ್ತು ನೆಗೆಯುವುದು. ಕೋಣೆಯ ಈ ಬಾಗಿಲಿಂದ ಆ ಬಾಗಿಲಿಗೆ ಅದನ್ನು ಮುಟ್ಟಿಸಬೇಕು. ನಡುವೆ ಮುಳ್ಳು, ತಿರುಗುವ ಗರಗಸ, ಕಾಲಿಟ್ಟೊಡನೆ ಕುಸಿಯುವ ಹಲಗೆ. ಗೋಡೆಗೆ ಒದ್ದು ಎದುರು ಗೋಡೆಗೆ ಹಾರಬೇಕು. ಕೂದಲೆಳೆಯಷ್ಟು ತಪ್ಪಿದರೂ ಸಾವು. ಸತ್ತ ಮರುಗಳಿಗೆಯೇ ಅದು ಮೊದಲ ಬಾಗಿಲಲ್ಲಿ ಎದ್ದು ನಿಂತಿರುತ್ತದೆ. ಮೇಲೆ ಮೂಲೆಯಲ್ಲಿ ಒಂದು ಗಡಿಯಾರ ಓಡುತ್ತಲೇ ಇರುತ್ತದೆ, ಹಿಂದೆ ಪೀಪಿಯಂಥ ಸಂಗೀತ. ಹೊಸದಾಗಿ ಮಾಡಿದ ಆಟವೇ, ಆದರೆ ಬೇಕೆಂದೇ ಹಳೆಯ ಕಾಲದ ಟಿವಿ ಗೇಮಿನ ಹಾಗೆ ಮಾಡಿದ್ದಾರೆ ಎಂದು ಮಗಳು ವಿವರಿಸಿದಳು. ಅವಳು ಚಿಕ್ಕವಳಿದ್ದಾಗ ಬಸ್ ಸ್ಟ್ಯಾಂಡಿನ ಹಿಂದೆ ಅಂಥ ಆಟದ ಅಂಗಡಿಯೊಂದಿತ್ತು. ಖಾಕಿ ಬಟ್ಟೆಯಲ್ಲೇ ಹೋಗಿ ಅವಳ ರಟ್ಟೆ ಹಿಡಿದು ಎಳೆದು ತಂದದ್ದು ನನಗೆ ನೆನಪಿತ್ತು. ಅವಳಿಗೂ ನೆನಪಿತ್ತೆಂದು ಕಾಣುತ್ತದೆ, ನನ್ನನ್ನು ನೋಡಿ ನಕ್ಕಳು.

ಮೊದಲು ಆಡಿದ್ದು ನಾನೇ. ಹೆಂಡತಿಗೆ ಹೇಗೆಂದು ತೋರಿಸುತ್ತೇನೆ ಅಂತ ಕಸಿದುಕೊಂಡೆ. ಡ್ರೈವರಿನ ಬುದ್ಧಿ, ಹಳ್ಳ ಕಂಡರೆ ನಿಲ್ಲಿಸುತ್ತೇನೆ, ನೋಡುತ್ತೇನೆ, ಆಮೇಲೆ ಹೋಗುತ್ತೇನೆ. ಆಟದಲ್ಲಿ ನಿಂತರೆ ಕಾಲ ಕೆಳಗಿನ ಹಲಗೆ ಕುಸಿಯುತ್ತದೆ. ಎರಡನೆಯ ಕೋಣೆಯಲ್ಲೇ ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ಸತ್ತಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಮಗಳು ನಗು ತಡೆಯಲಾರದೆ, “ಅಪ್ಪ, ಇದ್ರಲ್ಲಿ ಸಾಯ್ದೆ ಯಾರೂ ಮುಂದಕ್ಕ ಓಗಲ್ಲ. ಪದಕ ಕೊಡಲ್ಲ ಇಲ್ಲಿ, ಆರಾಮಾಗಿ ಸಾಯಿ” ಎಂದಳು.

ನನಗೆ ಸಾಯಲು ಬರುತ್ತಿರಲಿಲ್ಲ. ಹೆಂಡತಿಗೆ ಬರುತ್ತಿತ್ತು. ಬಿದ್ದರೆ ಬಿದ್ದಿತು ಎಂದು ನಕ್ಕು ಮತ್ತೆ ಒತ್ತುವಳು. ಆ ಪ್ರಾಣಿಗೆ ಮಿಡತೆ ಎಂದು ಹೆಸರಿಟ್ಟಳು. ಮೊದಮೊದಲು ಬೆರಳು ಬಗ್ಗದೆ ಮಿಡತೆ ಮುಳ್ಳಿನ ಮೇಲೆ ಮುಳ್ಳು ತುಳಿಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಬೆರಳು ಸಡಿಲವಾದವು. ಆಗ ನೋಡಿದೆ, ಅವಳು ಆಡುವಾಗ ತುಟಿ ಅಲ್ಲಾಡುತ್ತದೆ. ಹತ್ತಿರ ಹೋಗಿ ಕಿವಿಗೊಟ್ಟೆ. ಈ ಕಡೆಗೆರಡು, ಆ ಕಡೆಗೆರಡು, ಗಂಟು. ಈ ಕಡೆಗೆರಡು, ಆ ಕಡೆಗೆರಡು, ಗಂಟು. ಹೂ ಕಟ್ಟುವಾಗ ಹೇಳಿಕೊಳ್ಳುವುದನ್ನೇ ಹೇಳಿಕೊಳ್ಳುತ್ತಿದ್ದಳು. ಒಂದೊಂದು ಕೋಣೆಯನ್ನೂ ಒಂದೊಂದು ಬಗೆಯ ಮಾಲೆಯಂತೆ ಬಾಯಿಗೆ ತಂದುಕೊಂಡಿದ್ದಳು. ಗಂಟು ಎಂದಾಗ ಹೆಬ್ಬೆರಳು ಒತ್ತುತ್ತಿತ್ತು, ಮಿಡತೆ ಹಾರುತ್ತಿತ್ತು.

ಆ ವೇಳೆಗೆ ಹೂವಿನ ಬುಟ್ಟಿಯೂ ನಮ್ಮ ಜಗಲಿಗೆ ಮರಳಿ ಬಂದಿತ್ತು. ನಾನು ಸಂತೋಷಪಡಬೇಕಿತ್ತು. ಹೆಂಡತಿಯ ಕೈ ವಾಸಿಯಾದರೆ ಯಾವ ಗಂಡ ಸಂತೋಷಪಡುವುದಿಲ್ಲ? ಆದರೆ ಹೂವಿನವಳು ಬುಟ್ಟಿ ಇಟ್ಟು ಹೋಗದೆ ಕೂತು ಆಟ ನೋಡತೊಡಗಿದಳು. ಎದುರು ಮನೆಯ ರಿಟೈರ್ಡ್ ಕಂಡಕ್ಟರು, ನನ್ನ ಜೊತೆಯೇ ಎಷ್ಟೋ ವರ್ಷ ಬಂಡೀಪುರ ದಾಟಿದವನು, ಸಂಜೆ ಬಂದು ಕುರ್ಚಿ ಎಳೆದುಕೊಂಡ. ಅವನಿಗೆ ಈಗ ಪದಕದ ಗೋಡೆ ಕಾಣಿಸುತ್ತಿರಲಿಲ್ಲ. ನನ್ನ ಹೆಂಡತಿಯ ಹೆಬ್ಬೆರಳು ಕಾಣಿಸುತ್ತಿತ್ತು. ಒಂದು ಸಂಜೆ ಅವನು ನನ್ನ ತೊಡೆ ತಟ್ಟಿ ಅಂದ, “ಅಲ್ಲಾ ಕಣ್ಲಾ, ಬಸ್ಸು ಈಯಮ್ಮನ ಕೈಗೆ ಕೊಟ್ಬುಟ್ಟು ನೀನು ಮನೇಲಿ ಹೂ ಕಟ್ಬೇಕಾಗಿತ್ತು.” ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಎಣ್ಣೆ ಕಾದು ಚಟಗುಟ್ಟಿತು.

ಮಧ್ಯಾಹ್ನ ಅವಳು ಮಲಗಿದಾಗ ನಾನು ಕದ್ದು ಅಭ್ಯಾಸ ಮಾಡುತ್ತಿದ್ದೆ. ಒಮ್ಮೆ ಎದ್ದು ಬಂದು ಹಿಂದೆ ನಿಂತು ನೋಡಿದಳು. ನಾನು ಗರಗಸದ ಮುಂದೆ ನಿಂತು ಲೆಕ್ಕ ಹಾಕುತ್ತಿದ್ದೆ. “ಕಣ್ಣಲ್ಲಿ ಅಳೀಬ್ಯಾಡಿ ಕಣೀ. ಕೈಗೆ ಬುಡಿ, ಅದಕ್ಕ ಗೊತ್ತಾಯ್ತದ” ಎಂದಳು. ಬೇರೆ ಯಾವ ಮಾತಾದರೂ ತಡೆದುಕೊಳ್ಳುತ್ತಿದ್ದೆನೋ ಏನೋ. ಈ ಮಾತು ನನ್ನದು. ಹೊಸದಾಗಿ ಸೇರಿದ ಡ್ರೈವರುಗಳಿಗೆ ಕಾಡಿನ ತಿರುವುಗಳಲ್ಲಿ ನಾನು ಹೇಳಿಕೊಡುತ್ತಿದ್ದದ್ದು ಅದನ್ನೇ. ಮನೆಗೆ ಬಂದು ಊಟಕ್ಕೆ ಕೂತು ಅವಳ ಮುಂದೆ ಕೊಚ್ಚಿಕೊಂಡೂ ಇದ್ದೆ. ನನ್ನ ಮಾತನ್ನು ನನಗೇ, ಅದೂ ಅಷ್ಟು ಮೆತ್ತಗೆ ಹೇಳಿದಳು. ರಿಮೋಟನ್ನು ಚಾಪೆಯ ಮೇಲಿಟ್ಟು ಎದ್ದುಹೋದೆ.

ಆಯುಧ ಪೂಜೆ ಬಂತು. ಡ್ರೈವರಿಗೆ ಅದೇ ದೊಡ್ಡ ಹಬ್ಬ. ನೌಕರಿಯಲ್ಲಿದ್ದಾಗ ಡಿಪೋದಲ್ಲಿ ಬಸ್ಸು ತೊಳೆದು, ಬಾಳೆಕಂದು ಕಟ್ಟಿ, ಸ್ಟೀರಿಂಗಿಗೆ ಬೊಟ್ಟಿಡುತ್ತಿದ್ದವನು ನಾನು. ನಿವೃತ್ತನಾದ ಮೇಲೂ ಮನೆಯಲ್ಲಿ ಬಿಟ್ಟಿಲ್ಲ. ಸ್ಕೂಟರು, ಸ್ಪ್ಯಾನರುಗಳು, ಈಳಿಗೆಮಣೆ, ಮಿಕ್ಸಿ, ಕತ್ತರಿ, ಎಲ್ಲವನ್ನೂ ಒರೆಸಿ ಜೋಡಿಸುತ್ತೇನೆ. ಹೋದ ವರ್ಷ ಲ್ಯಾಪ್‌ಟಾಪೂ ರಿಮೋಟೂ ಆ ಸಾಲಿಗೆ ಸೇರಿದವು. ಅವುಗಳನ್ನೂ ಇಡಿ ಎಂದು ತಂದುಕೊಟ್ಟವಳು ಅವಳೇ.

ಕಾಯಿ ಒಡೆದ ನೀರಿನಲ್ಲಿಯೇ ಕುಂಕುಮ ಕಲೆಸಿಕೊಳ್ಳುವುದು ನನ್ನ ರೂಢಿ. ಒಣಗಿದ ಮೇಲೆ ಅದು ಅಂಟಿನ ಹಾಗೆ ಹಿಡಿಯುತ್ತದೆ, ಗಾಳಿಗೆ ಉದುರುವುದಿಲ್ಲ. ಹೆಂಡತಿ ಒಳಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಒಂದೊಂದಕ್ಕೇ ಬೊಟ್ಟಿಡುತ್ತಾ ಬಂದೆ. ರಿಮೋಟಿನ ಸರದಿ ಬಂದಾಗ ಬೊಟ್ಟು ಬಿದ್ದದ್ದು ಮಿಡತೆಯನ್ನು ಹಾರಿಸುವ ಗುಂಡಿಯ ಮೇಲೆ. ಅದು ಬೇಕೆಂದು ಇಟ್ಟದ್ದಲ್ಲ, ದೇವರಾಣೆಗೂ ಅಲ್ಲ. ಕುಂಕುಮ ನೀರಾಗಿತ್ತು. ಗುಂಡಿಯ ಸುತ್ತಲಿನ ಸಂದಿಗೆ ಕೆಂಪಗೆ ಇಳಿದದ್ದನ್ನು ನೋಡಿದೆ. ಹೆಗಲ ಮೇಲೆ ಟವಲು ಇತ್ತು. ಒಂದು ಸಲ ಒತ್ತಿ ಒರೆಸಿದ್ದರೆ ಮುಗಿಯುತ್ತಿತ್ತು.

ನಾನು ಬಟ್ಟಲಿಗೆ ಬೆರಳು ಅದ್ದಿ ಅದೇ ಜಾಗಕ್ಕೆ ಇನ್ನೊಂದು ಬೊಟ್ಟಿಟ್ಟೆ. ದಪ್ಪಗೆ, ತುಂಬಿಸಿ ಇಟ್ಟೆ. ಮೊದಲನೆಯದು ದೇವರ ಹೆಸರಿನದು, ಎರಡನೆಯದು ನನ್ನದು. ಆಮೇಲೆ ಕೈ ತೊಳೆದುಕೊಂಡು ಮಂಗಳಾರತಿ ಎತ್ತಿದೆ. ಬೀದಿಗೆ ಹೋಗಿ ಬೂದುಗುಂಬಳ ಒಡೆದೆ.

ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ವಿಜಯದಶಮಿ ಕಳೆದು ಅವಳು ರಿಮೋಟು ಕೈಗೆ ತೆಗೆದುಕೊಂಡಾಗ ಗುಂಡಿ ಒಳಗೆ ಗಟ್ಟಿಯಾಗಿತ್ತು. ಒತ್ತಿದರೆ ಇಳಿಯುತ್ತಿತ್ತು, ಆದರೆ ಅರೆಗಳಿಗೆ ತಡವಾಗಿ, ಏಳುವುದೂ ತಡವಾಗಿ. ಬೇರೆ ಆಟವಾಗಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಈ ಆಟದಲ್ಲಿ ಅರೆಗಳಿಗೆ ಅಂದರೆ ಸಾವು. ಆಟ ಶುರುವಾದಾಗ ಅವಳು ನಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ತುಟಿ ಅಲ್ಲಾಡುವುದು ನಿಂತಿತು. ಬಾಯಿಪಾಠವಾಗಿದ್ದ ಕೋಣೆಯಲ್ಲಿ ಮಿಡತೆ ಮತ್ತೆ ಮತ್ತೆ ಮುಳ್ಳಿಗೆ ಬಿತ್ತು.

ಅವಳು ಯಂತ್ರವನ್ನು ದೂರಲಿಲ್ಲ. ಪೂಜೆ ಮಾಡಿಸಿಕೊಂಡ ವಸ್ತುವಿನಲ್ಲಿ ದೋಷ ಹುಡುಕುವವಳಲ್ಲ. ಮೇಲೆ ಉಳಿದಿದ್ದ ಕುಂಕುಮವನ್ನು ಕೆರೆದು ತೆಗೆಯುವವಳೂ ಅಲ್ಲ, ತಾನಾಗಿ ಹೋಗಬೇಕು. ಅದೆಲ್ಲ ನನಗೆ ಗೊತ್ತಿತ್ತು. ಅವಳು ತನ್ನ ಕೈಯನ್ನು ನೋಡಿಕೊಂಡಳು. ಮುಂಗೈ ತಿರುಗಿಸಿ, ಬೆರಳು ಒಂದೊಂದೇ ಮಡಚಿ ನೋಡಿಕೊಂಡಳು.

ಆಮೇಲಿನ ದಿನಗಳನ್ನು ಬರೆಯುವುದು ಕಷ್ಟ. ಬೆಳಿಗ್ಗೆ ಹರಳೆಣ್ಣೆ ಬಿಸಿ ಮಾಡಿ ಮಣಿಕಟ್ಟಿಗೆ ತಿಕ್ಕುವಳು. ಬಿಸಿನೀರಿನ ಪಾತ್ರೆಯಲ್ಲಿ ಕೈ ಇಳಿಬಿಟ್ಟು ಕೂರುವಳು. ನಾನು ಪೇಪರು ಹಿಡಿದು ಎದುರಿಗೇ ಕೂತಿರುತ್ತಿದ್ದೆ. ಮೊದಲೆರಡು ದಿನ ನನಗೆ ಒಳಗೊಳಗೇ ಹಿತವಾಗಿತ್ತು, ಅದನ್ನೂ ಹೇಳಿಬಿಡಬೇಕು. ಕಂಡಕ್ಟರು ಬಂದು ಕೂತು, ಬೇಸರವಾಗಿ ಎದ್ದುಹೋದ. ಹೋಗುವಾಗ ನನ್ನ ಹತ್ತಿರ ಹಳೆಯ ಬಸ್ಸಿನ ಮಾತು ಎತ್ತಿದ. ಎಷ್ಟೋ ತಿಂಗಳ ಮೇಲೆ ಎತ್ತಿದ್ದ.

ಆಮೇಲೆ ಹೂ ಕಟ್ಟುವುದರಲ್ಲೂ ಅವಳ ಧೈರ್ಯ ಹೋಯಿತು. ಕೈ ಚೆನ್ನಾಗಿಯೇ ಇತ್ತು, ನಾನು ನೋಡುತ್ತಿದ್ದೆನಲ್ಲ. ಆದರೆ ಗಂಟು ಹಾಕುವ ಮುಂಚೆ ನಿಲ್ಲಿಸಿ ನೋಡತೊಡಗಿದಳು. ನಿಂತರೆ ಹೂ ಜಾರುತ್ತದೆ. ಒಂದು ಬೆಳಿಗ್ಗೆ ಅರ್ಧ ಕಟ್ಟಿದ ಮಾಲೆಯನ್ನು ಬುಟ್ಟಿಗೆ ಹಾಕಿ, ನಾಳೆಯಿಂದ ಪಕ್ಕದ ಬೀದಿಗೇ ಕೊಡು ಎಂದು ಹೂವಿನವಳಿಗೆ ಹೇಳಿದಳು. ಆವತ್ತು ಮಧ್ಯಾಹ್ನ ಮಗಳಿಗೆ ಫೋನು ಮಾಡಿ, ಮೂಳೆ ಸರಿಯಾಗಿ ಕೂಡಿಲ್ಲವೋ ಏನೋ, ಅಲ್ಲಿಯ ಡಾಕ್ಟರಿಗೆ ತೋರಿಸೋಣ, ಮುರಿದು ಕಟ್ಟಬೇಕೆಂದರೆ ಕಟ್ಟಲಿ ಎಂದಳು. ಮುರಿದು ಕಟ್ಟುವ ಮಾತು ಕೇಳಿದ ಮೇಲಾದರೂ ನಾನು ನಿಜ ಹೇಳಬೇಕಿತ್ತು. ಬಾಯಿಗೆ ಅದು ಬರಲಿಲ್ಲ. ಬಂದದ್ದು ಬೇರೆಯೇ. ಹೇಗೂ ಹೋಗುತ್ತೇವೆ, ರಿಮೋಟನ್ನೂ ಒಂದು ಸಲ ಅಳಿಯನಿಗೆ ತೋರಿಸೋಣ ಎಂದೆ. ಹೇಡಿಗೆ ಅಷ್ಟೇ ಆದದ್ದು.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ತೆರಕಣಾಂಬಿ ದಾಟಿದ ಮೇಲೆ ನೀರಿನ ಬಾಟಲು ತೆಗೆದು, ಮುಚ್ಚಳ ತಿರುವಿಕೊಡಿ ಎಂದು ನನ್ನ ಕೈಗಿತ್ತಳು. ಆ ಮುಚ್ಚಳ ಆಗಲೇ ಸಡಿಲವಾಗಿತ್ತು.

ಅಂಗಡಿಯಲ್ಲಿ ಅಳಿಯ ರಿಮೋಟಿನ ಸ್ಕ್ರೂ ಬಿಚ್ಚಿ ಮೇಲಿನ ಹೊದಿಕೆ ಎತ್ತಿದ. ಗುಂಡಿಯ ಸುತ್ತ ಒಣಗಿದ ಕುಂಕುಮ ಹಕ್ಕಳೆಯಾಗಿ ಕೂತಿತ್ತು. ಚಿಮಟದಿಂದ ಎಬ್ಬಿಸಿದಾಗ ಬಿಳಿ ಕಾಗದದ ಮೇಲೆ ಚೂರುಚೂರಾಗಿ ಬಿತ್ತು. ಅವನು ಅದನ್ನು ಎತ್ತಿ ತೋರಿಸಿ, ಇಂಥ ರೋಗ ಎಷ್ಟು ಫೋನಿನಲ್ಲಿ ನೋಡಿದ್ದೇನೆ, ಹಬ್ಬ ಆದ ವಾರ ಪೂರ್ತಿ ನಮಗೆ ಕುಂಕುಮ ತೆಗೆಯುವುದೇ ಕೆಲಸ ಎಂದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನ ಭಕ್ತಿ ಜಾಸ್ತಿಯಾಯಿತು ಎಂದಳು. ಅಳಿಯ ಹತ್ತಿಯಲ್ಲಿ ಒರೆಸಿ, ಮತ್ತೆ ಮುಚ್ಚಿ, ಅತ್ತೆಯ ಕೈಗೆ ಕೊಟ್ಟ. ಅಂಗಡಿಯ ಕಂಪ್ಯೂಟರಿನಲ್ಲಿ ಆಟ ಹಾಕಿದರು. ಅವಳು ನಿಂತುಕೊಂಡೇ ಒಂದು ಸಲ ಒತ್ತಿದಳು. ತುಟಿ ಅಲ್ಲಾಡಿತು. ಮಿಡತೆ ಗೋಡೆಗೆ ಒದ್ದು, ಗರಗಸ ದಾಟಿ, ಕುಸಿಯುವ ಹಲಗೆಗಳ ಮೇಲೆ ನಿಲ್ಲದೆ ಓಡಿ ಬಾಗಿಲು ಸೇರಿತು. ಫೋನು ರಿಪೇರಿಗೆ ಬಂದಿದ್ದ ಮಲಯಾಳಿ ಲಾರಿ ಡ್ರೈವರೊಬ್ಬ ಚಪ್ಪಾಳೆ ತಟ್ಟಿದ. ಅವಳು ರಿಮೋಟು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಡಾಕ್ಟರ ಹತ್ತಿರ ಹೋಗಲಿಲ್ಲ.

ನಾನು ತಪ್ಪಿಸಿಕೊಂಡಿದ್ದೆ. ಎಲ್ಲರ ಬಾಯಲ್ಲೂ ಅದು ಭಕ್ತಿಯ ತಪ್ಪು, ನಗುವ ತಪ್ಪು. ಮಗಳ ಮನೆಯಲ್ಲಿ ಊಟ ಮಾಡಿ ಸಂಜೆಯ ಬಸ್ಸು ಹಿಡಿದಾಗ ನನಗೆ ಹಗುರವಾಗಿತ್ತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ರಸ್ತೆಯ ಪಕ್ಕ ಚೆಂಡುಹೂವಿನ ಹೊಲಗಳು ಕುಯ್ಲಾಗಿ ಬರಿ ಕಡ್ಡಿ ನಿಂತಿದ್ದವು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು ನನ್ನ ಕಡೆ ತಿರುಗಿದಳು. ಮೆಲ್ಲಗೆ ಹೇಳಿದಳು:

“ಒಂದು ತಪ್ಪಾಗದ ನನ್ನಿಂದ, ಹೇಳ್ಬುಡ್ತೀನಿ. ಕೈ ಹಿಂಗಾದಾಗ ನಿಮ್ಮ ಕಣ್ಣು ಬಿದ್ದದ ಅನ್ಕಂಡಿದ್ದೆ. ನೀವು ನೋಡ್ತಿದ್ದ ರೀತಿ ಹಂಗಿತ್ತು. ನೀವಿಲ್ದಾಗ ಉಪ್ಪು ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕ್ದೆ. ಗಂಡನ ಮ್ಯಾಲೆ ಹಂಗೆಲ್ಲ ಅನ್ಕಬಾರ್ದಾಗಿತ್ತು.”

ಅವಳು ನನ್ನ ಕ್ಷಮೆ ಕೇಳುತ್ತಿದ್ದಳು. ಅವಳು ಅಂದುಕೊಂಡದ್ದು ಸರಿಯಾಗಿಯೇ ಇತ್ತು. ಕಣ್ಣೊಂದೇ ಅಲ್ಲ, ಬೆರಳೂ ಬಿದ್ದಿತ್ತು. ಸುಮ್ಮನಿದ್ದು, ಆಯಿತು ಬಿಡು ಅಂದಿದ್ದರೆ ಅವಳು ಸಾಯುವವರೆಗೂ ತಾನೇ ತಪ್ಪಿತಸ್ಥೆ ಎಂದುಕೊಂಡಿರುತ್ತಿದ್ದಳು. ನಾನು ಅಷ್ಟು ಕೆಟ್ಟವನಾಗಲು ಒಂದೇ ಮಾತಿನ ದೂರದಲ್ಲಿದ್ದೆ.

“ನೀನಂದದ್ದು ನಿಜಾನೆ ಕಣಮ್ಮಿ” ಎಂದೆ. ಮೊದಲನೆಯ ಬೊಟ್ಟು, ಸಂದಿಗೆ ಇಳಿದದ್ದು, ಹೆಗಲ ಮೇಲಿನ ಟವಲು, ಎರಡನೆಯ ಬೊಟ್ಟು, ಎಲ್ಲ ಹೇಳಿದೆ. ಬಸ್ಸಿನ ಸದ್ದಿಗೆ ಕೆಲವು ಮಾತನ್ನು ಎರಡೆರಡು ಸಲ ಹೇಳಬೇಕಾಯಿತು. ಅದರಿಂದ ಇನ್ನೂ ನಾಚಿಕೆಯಾಯಿತು. ಎದುರು ಮನೆಯ ಕಂಡಕ್ಟರನ ಮಾತು ನನಗೆ ಚುಚ್ಚಿದ್ದನ್ನೂ ಹೇಳಹೊರಟೆ. ಅದು ಬೇಡ ಎಂಬಂತೆ ಅವಳು ಕೈ ಎತ್ತಿದಳು.

ತೆರಕಣಾಂಬಿಯಲ್ಲಿ ಜನ ಇಳಿದು ಹತ್ತಿದರು. ಬಸ್ಸು ಮತ್ತೆ ಹೊರಟ ಮೇಲೆ ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತಾ ಅಂದಳು:

“ಆಟ ಕೆಡಿಸಿದ್ದು ಬುಡಿ, ಅದು ಆಟ. ನನ್ನ ಕೈ ಓಯ್ತು ಅಂತ ನಾನು ದಿನಾ ಎಣ್ಣೆ ತಿಕ್ಕತಿದ್ದೆ. ನೀವು ಎದುರ್ಗೆ ಕೂತಿದ್ರಿ. ಹೆಂಗೆ ಕೂತಿದ್ರಿ?”

ಕೇಳಿದವಳೇ ಬಾಟಲು ತೆಗೆದು ಮುಚ್ಚಳ ತಾನೇ ತಿರುವಿ ನೀರು ಕುಡಿದಳು. ಉಳಿದದ್ದನ್ನು ನನಗೆ ಕೊಡಲಿಲ್ಲ, ಚೀಲಕ್ಕೆ ಹಾಕಿಕೊಂಡಳು. ಚಾಮರಾಜನಗರದಲ್ಲಿ ಇಳಿದು ನನಗಿಂತ ಮುಂದೆ ಮುಂದೆ ನಡೆದಳು.

ಮಾರನೆಯ ದಿನ ಹೂವಿನವಳನ್ನು ಬೀದಿಯಲ್ಲೇ ತಡೆದು ಬುಟ್ಟಿ ಕೆಳಗಿಳಿಸಿಕೊಂಡಳು. ನನ್ನ ಜೊತೆ ಬೇಕಾದಷ್ಟೇ ಮಾತು ಬಹಳ ದಿನ ನಡೆಯಿತು. ಊಟಕ್ಕೆ ಬನ್ನಿ, ಗ್ಯಾಸು ಮುಗಿದಿದೆ, ಅಷ್ಟು. ಒಂದು ಬೆಳಿಗ್ಗೆ ನಾನು ಹೋಗಿ ಅವಳ ಎದುರು ಜಗಲಿಯಲ್ಲಿ ಕೂತೆ. ಬೇಡ ಅನ್ನಲಿಲ್ಲ, ಒಂದು ಎಳೆ ದಾರ ಎಸೆದಳು. ನನ್ನ ಮಾಲೆಯಲ್ಲಿ ಹೂ ನಿಲ್ಲುವುದಿಲ್ಲ, ಉದುರುತ್ತವೆ. ಹೂವಿನವಳು ಅದನ್ನು ಒಯ್ಯುವುದಿಲ್ಲ. ಆದರೂ ಕೂರುತ್ತೇನೆ. ಎಣ್ಣೆ ತಿಕ್ಕುವುದನ್ನು ನೋಡುತ್ತಾ ಕೂತಿದ್ದವನು ಇಲ್ಲಿ ಏನಾದರೂ ಮಾಡುತ್ತಾ ಕೂರಬೇಕು ಅನ್ನಿಸುತ್ತದೆ.

ಕಿಚ್ಚು ಪೂರ್ತಿ ಆರಿದೆ ಎಂದರೆ ಸುಳ್ಳಾಗುತ್ತದೆ. ಅವಳು ಈಗ ಆಟದ ಕೊನೆಯ ಕೋಣೆಗಳಲ್ಲಿದ್ದಾಳೆ. ನಾನು ಇನ್ನೂ ಆ ಮೊದಲ ಗರಗಸಗಳ ಹತ್ತಿರವೇ ಇದ್ದೇನೆ. ಅವಳು ಒಂದು ಕೋಣೆ ಗೆದ್ದು ಜನ ಹೋ ಎಂದಾಗ ಹೊಟ್ಟೆಯೊಳಗೆ ಆ ಹಳೆಯ ಎಣ್ಣೆ ಒಂದು ಸಲ ಚಟಗುಟ್ಟುತ್ತದೆ. ಆಗ ಎದ್ದು ನಲ್ಲಿಯವರೆಗೆ ಹೋಗಿ ಮುಖ ತೊಳೆದು ಬರುತ್ತೇನೆ.

ಈ ವರ್ಷದ ಆಯುಧ ಪೂಜೆಗೆ ಎಲ್ಲ ಸಾಮಾನನ್ನೂ ನನ್ನ ಮುಂದೆ ತಂದಿಟ್ಟಳು. ರಿಮೋಟನ್ನು ಮಾತ್ರ ಮಡಿಲಲ್ಲಿ ಇಟ್ಟುಕೊಂಡಳು. ಬಟ್ಟಲಿನಿಂದ ಒಣ ಕುಂಕುಮ ಚಿಟಿಕೆ ತೆಗೆದು, ಗುಂಡಿಗಳಿಲ್ಲದ ಹಿಂಬದಿಗೆ ತಾನೇ ಹಚ್ಚಿದಳು. ಪೂಜೆ ನೋಡಲು ಬಂದಿದ್ದ ಎದುರು ಮನೆಯ ಕಂಡಕ್ಟರು, ಯಾಕಮ್ಮ, ನಮ್ಮ ಡ್ರೈವರ್ ಸಾಹೇಬರ ಕೈಯಲ್ಲಿ ಇಡಿಸಬಾರದೇ ಎಂದ. ಅವನಿಗೆ ಏನೂ ಗೊತ್ತಿಲ್ಲ. ಅವಳು ಯಾರಿಗೂ, ಮಗಳಿಗೂ, ಹೇಳಿಲ್ಲ.

“ಅವರ್ದು ಭಕ್ತಿ ಜಾಸ್ತಿ” ಎಂದಳು. ಹೇಳುವಾಗ ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿ ಸ್ಕೂಟರಿನ ಹ್ಯಾಂಡಲಿಗೆ ಬೊಟ್ಟಿಟ್ಟೆ. ಒಂದೇ ಇಟ್ಟೆ.